ಎಡಗಣ್ಣು ವಾಪಸ್ ಬಂತು

ಮೊನ್ನೆ ಭಾನುವಾರ ಒಂದು ವಾಲ್ವಾಕ್ಸ್ (ನೀರಲ್ಲಿ ಉರುಳುವ ಪಾಚಿಯ ಪುಟ್ಟ ಹಸಿರು ಚೆಂಡು) ನೋಡಿದೆ. ಎರಡೂ ಕಣ್ಣಿಂದ. ಒಂದು ವರ್ಷ ಕಳೆದ ಮೇಲೆ.

ಕೆರೆ ನೀರಿನ ಜೀವಿಗಳನ್ನು ಮೈಕ್ರೋಸ್ಕೋಪಿನಲ್ಲಿ ತ್ರೀಡಿ ಫೋಟೋ ತೆಗೆಯುವುದು ನನ್ನ ಹುಚ್ಚು, ನಿಮಗೆ ಗೊತ್ತೇ ಇದೆ. ಹೋದ ವರ್ಷ ಎಡಗಣ್ಣಿನ ರೆಟಿನಾ, ಅಂದರೆ ಕಣ್ಣೊಳಗಿನ ಹಿಂಬದಿಯ ಪರದೆ, ಕಳಚಿಕೊಂಡಿತು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು, ದಿನಗಟ್ಟಲೆ ಬೋರಲು ಮಲಗಿದ್ದೆ. ಆಮೇಲೆ ಅದೇ ಕಣ್ಣಿಗೆ ಪೊರೆ ಬಂತು, ಮತ್ತೊಂದು ಆಪರೇಷನ್. ಎರಡು ಸಲವೂ ಕೈ ಹಿಡಿದು ಧೈರ್ಯ ಹೇಳಿದ ಡಾಕ್ಟರಿಗೆ ಮೊದಲ ನಮಸ್ಕಾರ.

ಒಂದೇ ಕಣ್ಣಿನಲ್ಲಿ ಪೇಪರ್ ಓದಬಹುದು. ಆದರೆ ಲೋಟಕ್ಕೆ ನೀರು ಬಗ್ಗಿಸಿದರೆ ಹೊರಗೆ ಬೀಳುತ್ತದೆ. ಎರಡು ಕಣ್ಣಿಗೂ ಚೂರು ಬೇರೆ ಬೇರೆ ಚಿತ್ರ ಕಾಣುವುದರಿಂದ ಆಳ ತಿಳಿಯುತ್ತದೆ. ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಕನ್ನಡಿಗಳನ್ನಿಟ್ಟು ತೋರಿಸಿದ್ದು ಇದನ್ನೇ. ಓದಿದ್ದೆ, ಅನುಭವಿಸಿ ಗೊತ್ತಾಗಿದ್ದು ಈಗ.

ಆಗ ನನಗೆ ಇನ್ನೊಂದು ಕಣ್ಣಾಗಿದ್ದು ಪಕ್ಕದ ಮನೆಯ ಪಿಯುಸಿ ಹುಡುಗಿ. ನಾನು ಮಾಡುವುದು ಸರಳ: ಕೆಳಗಿಂದ ಬೆಳಕು ಕೂಡಿಸಿ ಕೊಡುವ ಕಂಡೆನ್ಸರ್ ಮಸೂರದ ಕೆಳಗೆ ಕಪ್ಪು ಕಾಗದ ಇಟ್ಟು ಎಡ ಅರ್ಧ ಮುಚ್ಚಿ ಒಂದು ಫೋಟೋ, ಬಲ ಅರ್ಧ ಮುಚ್ಚಿ ಇನ್ನೊಂದು. ಬೆಳಕು ಓರೆಯಾಗಿ ಬಂದು, ಮೇಲಿರುವುದು ಒಂದು ಕಡೆಗೆ, ಕೆಳಗಿರುವುದು ಇನ್ನೊಂದು ಕಡೆಗೆ ಸರಿದು ಕಾಣುತ್ತದೆ. ತೆಗೆಯಲು ಒಂದು ಕಣ್ಣು ಸಾಕು. ಸರಿ ಬಂದಿದೆಯಾ ಅಂತ ನೋಡಲು ಎರಡು ಬೇಕು. ಎರಡು ಫೋಟೋಗಳನ್ನು ಕೆಂಪು, ನೀಲಿ ಬಣ್ಣದಲ್ಲಿ ಒಂದರ ಮೇಲೊಂದು ಕೂಡಿಸಿದ ಚಿತ್ರವನ್ನು ಕೆಂಪು-ನೀಲಿ ಕನ್ನಡಕ ಹಾಕಿ ನೋಡುತ್ತಿದ್ದುದು ಅವಳೇ. ಒಂದು ಸಂಜೆ ಆರ್ಸೆಲ್ಲಾ ಎಂಬ ಅಮೀಬಾದ ಚಿಪ್ಪು ತೋರಿಸಿದೆ. "ಗುಮ್ಮಟದ ಥರ ಇರತ್ತೆ ಅಂದ್ರಲ್ಲ ಅಂಕಲ್, ಇದು ಬಟ್ಟಲು!" ಎಂದಳು. ಎಡ-ಬಲ ಫೋಟೋ ಅದಲು ಬದಲಾಗಿತ್ತು. ಪರೀಕ್ಷೆ ಹತ್ತಿರ ಬಂದರೂ ಅವಳು ಬರುವುದು ನಿಲ್ಲಿಸಲಿಲ್ಲ. ಪುಟ್ಟಿ, ನಿನ್ನ ಋಣ ಜಾಸ್ತಿ ಆಯ್ತು.

ನಾನು ಸುಮ್ನೆ ಕೂತಿದ್ದ ತಿಂಗಳುಗಳಲ್ಲೂ ಗದ್ದೆ ಕಾಲುವೆಯ ನೀರನ್ನು ಬಾಟಲಿಯಲ್ಲಿ ತಂದು ಕಿಟಕಿಯಲ್ಲಿಟ್ಟು ಹೋಗುತ್ತಿದ್ದ ಗೆಳೆಯ, ಭಾನುವಾರದ ವಾಲ್ವಾಕ್ಸ್ ನಿನ್ನ ಬಾಟಲಿಯದು.

ಅದು ಉರುಳುತ್ತಲೇ ಇತ್ತು. ನೀರ ಹನಿಯ ಮೇಲಿಡುವ ತೆಳು ಗಾಜಿನ (ಕವರ್ ಸ್ಲಿಪ್) ನಾಲ್ಕು ಮೂಲೆಗೆ ವ್ಯಾಸಲೀನ್ ಹಚ್ಚಿ ಮೆತ್ತಗೆ ಒತ್ತಿದೆ, ನಿಂತಿತು. ಬೇಗ ಎರಡು ಫೋಟೋ ತೆಗೆದೆ. ಅರ್ಧ ಮಿಲಿಮೀಟರಿನ ಹಸಿರು ಚೆಂಡು, ಒಳಗೆ ಏಳು ಮರಿ ಚೆಂಡುಗಳು. ಮೊದಲು ತಟ್ಟೆಯಲ್ಲಿಟ್ಟ ಬಟಾಣಿಯ ಹಾಗೆ ಚಪ್ಪಟೆ ಕಂಡವು. ಕನ್ನಡಕ ಹಾಕಿಕೊಂಡು ಕಾದೆ. ಒಂದು ಮರಿ ನಿಧಾನಕ್ಕೆ ಮುಂದೆ ಬಂತು, ಎರಡು ಹಿಂದೆ ಸರಿದವು. ನಡುವೆ ಜಾಗ ಕಂಡಿತು. ಹೆಂಡತಿಯನ್ನು ಕೂಗಿ ಕರೆದೆ, ಮಾತು ಬರಲಿಲ್ಲ.

ಆ ಫೋಟೋ ಇಲ್ಲಿದೆ. ನೋಡುವಾಗ ಕೆಂಪು ಗಾಜು ಎಡಗಣ್ಣಿಗೆ ಇರಲಿ.