ವಿಂಚ್ ಬದಲಿಸುವ ಮುನ್ನ ಕೇಬಲ್ ನೋಡಲಿ

ಮಾನ್ಯರೇ,

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಕೆಸರಿಗೆ ಹೂತ ಜೀಪನ್ನು ಎಳೆದು ತೆಗೆಯಲು ಎಲೆಕ್ಟ್ರಿಕ್ ವಿಂಚ್ (ಮೋಟಾರಿನಿಂದ ಡ್ರಮ್ ತಿರುಗಿಸಿ ಹಗ್ಗ ಸುತ್ತಿಕೊಳ್ಳುತ್ತಾ ಎಳೆಯುವ ಯಂತ್ರ) ದೊಡ್ಡ ಆಸರೆ. ಕಳೆದ ಆಷಾಢದಲ್ಲಿ ನನ್ನ ಜೀಪಿನ ವಿಂಚ್ ‘ಟಕ್’ ಎಂದು ಸದ್ದು ಮಾಡಿತೇ ಹೊರತು ಡ್ರಮ್ ತಿರುಗಲಿಲ್ಲ. ಮೋಟಾರ್ ಸುಟ್ಟಿದೆ, ಹೊಸದನ್ನೇ ಹಾಕಿಸಿ ಎಂದರು ಗ್ಯಾರೇಜಿನವರು. ಮನಸ್ಸು ಒಪ್ಪದೆ, ಹಗ್ಗದ ಭಾರ ಇಳಿಸಿ, ಸ್ವಿಚ್ ಒತ್ತಿಸಿ ಮಲ್ಟಿಮೀಟರಿನಲ್ಲಿ ಅಳೆದಾಗ, ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೂ ಮೋಟಾರಿಗೆ 5 ವೋಲ್ಟ್ ಕೂಡ ತಲುಪುತ್ತಿರಲಿಲ್ಲ. ಅರ್ತ್ ಕೇಬಲ್ಲಿನ ಬೋಲ್ಟ್ ಬಿಚ್ಚಿದರೆ ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆಯ) ಅಡಿಯಲ್ಲಿ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದ ಮೇಲೆ ವಿಂಚ್ ಮೊದಲಿನಂತೆಯೇ ಎಳೆಯಿತು.

ಪೂರ್ಣ ಭಾರದಲ್ಲಿ ದೊಡ್ಡ ವಿಂಚ್‌ಗಳು 400 ಆಂಪಿಯರ್‌ವರೆಗೂ ವಿದ್ಯುತ್ ಎಳೆಯುವುದರಿಂದ ಅಷ್ಟು ಸಣ್ಣ ಕಿಲುಬೂ ದೊಡ್ಡ ತಡೆಯಾಗುತ್ತದೆ. ಆದ್ದರಿಂದ ಅರ್ತ್ ಕೇಬಲ್ಲನ್ನು ತುಕ್ಕು ಹಿಡಿಯುವ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಕೊಡದೆ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸುವುದು ಲೇಸು. ‘ಟಕ್’ ಸದ್ದೇ ಬಾರದಿದ್ದರೆ ರಿಮೋಟಿನ ವೈರು ಮತ್ತು ಸೊಲೆನಾಯ್ಡ್ (ಮೋಟಾರಿಗೆ ವಿದ್ಯುತ್ ಹರಿಸುವ, ಆ ಸದ್ದು ಮಾಡುವ ಸ್ವಿಚ್) ಕಡೆ ಗಮನ ಹರಿಸಬೇಕು. ವಿಂಚ್ ಮಾರುವವರು ಅಳವಡಿಸುವಾಗಲೇ ಈ ಜೋಡಣೆಗಳನ್ನು ಮಾಲೀಕರಿಗೆ ತೋರಿಸಿ, ವೈರಿಂಗ್ ನಕ್ಷೆಯನ್ನು ಕನ್ನಡದಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ.

— ಕಾಫಿ ಬೆಳೆಗಾರ, ಸಕಲೇಶಪುರ