ವಿಮಾನ ಪ್ರಯಾಣದ ಅವಧಿ: ಸರಿಯಾದ ಲೆಕ್ಕ ಕೊಡಿ

ಮಾನ್ಯರೇ,

ಬೆಂಗಳೂರಿನಿಂದ ದೆಹಲಿಗೆ 1,700 ಕಿ.ಮೀ., ವಿಮಾನದ ವೇಗ ಗಂಟೆಗೆ 900 ಕಿ.ಮೀ., ಅಂದಮೇಲೆ ಎರಡು ಗಂಟೆಯೊಳಗೆ ತಲುಪಬಹುದು ಎಂಬ ಲೆಕ್ಕ ಪ್ರವಾಸದ ಅಂಕಣಗಳಲ್ಲೂ ಜಾಲತಾಣಗಳಲ್ಲೂ ಮತ್ತೆ ಮತ್ತೆ ಕಾಣಿಸುತ್ತದೆ. ಟಿಕೆಟ್‌ನಲ್ಲಿ ಮಾತ್ರ 2 ಗಂಟೆ 45 ನಿಮಿಷದ ಆಸುಪಾಸು ಇರುತ್ತದೆ. ಮೊದಲ ಲೆಕ್ಕ ನಂಬಿ ದೆಹಲಿಯಿಂದ ಮುಂದಿನ ವಿಮಾನ ಗೊತ್ತುಮಾಡಿಕೊಂಡವರ ಪಾಡು ಕಷ್ಟ.

ದೂರದ ಅಂಕಿಯಲ್ಲಿ ತಪ್ಪಿಲ್ಲ. ದೇವನಹಳ್ಳಿಯ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದೆಹಲಿಯದು 28.6ರಲ್ಲಿ, ರೇಖಾಂಶದಲ್ಲಿ ಎರಡಕ್ಕೂ ಒಂದು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ. ಅಕ್ಷಾಂಶದ ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದರೆ 1,700 ಬಂದೇ ಬರುತ್ತದೆ.

ಎಡವುವುದು ವೇಗದಲ್ಲಿ. ಈ ಮಾರ್ಗದಲ್ಲಿ ಹೆಚ್ಚಾಗಿ ಓಡುವ ಏರ್‌ಬಸ್ ಎ320 ಮಾದರಿಯ ವಿಮಾನ 35,000 ಅಡಿ ಎತ್ತರದಲ್ಲಿ, ಗಾಳಿಯ ನೆರವಿಲ್ಲದೆ, ಗಂಟೆಗೆ ಸುಮಾರು 830 ಕಿ.ಮೀ. ಸಾಗುತ್ತದೆ. ಅದೂ ನಡುವಿನ 1,300 ಕಿ.ಮೀ.ನಲ್ಲಿ ಮಾತ್ರ, ಅಷ್ಟಕ್ಕೇ 95 ನಿಮಿಷ ಬೇಕು. ಆ ಎತ್ತರಕ್ಕೆ ಏರಲು 20 ನಿಮಿಷ ಮಿಕ್ಕಿ ಹಿಡಿಯುತ್ತದೆ. ದೆಹಲಿ ಇನ್ನೂ 200 ಕಿ.ಮೀ. ಇರುವಾಗಲೇ ಇಳಿಯಲು ಶುರುಮಾಡಬೇಕು. 10,000 ಅಡಿಗಿಂತ ಕೆಳಗೆ ವೇಗ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮೀರುವಂತಿಲ್ಲ. ಸರದಿಯಲ್ಲಿ ಮುಂದಿರುವ ವಿಮಾನಗಳಿಂದ ಅಂತರ ಕಾಯಲು ವಾಯು ಸಂಚಾರ ನಿಯಂತ್ರಕರು ವಿಮಾನವನ್ನು ಸುತ್ತುಬಳಸಿನ ಹಾದಿಯಲ್ಲಿ ಕಳಿಸುವುದೂ ಉಂಟು. ಇಷ್ಟು ಸೇರಿದರೆ ಗಾಳಿಯಲ್ಲೇ 2 ಗಂಟೆ 20 ನಿಮಿಷ ಆಯಿತು.

ಉಳಿದದ್ದು ನೆಲದ ಮೇಲಿನ ಓಟ. ಟಿಕೆಟ್‌ನಲ್ಲಿರುವ ಹೊರಡುವ ಸಮಯ ವಿಮಾನ ನಿಂತ ಜಾಗ ಬಿಡುವ ಹೊತ್ತೇ ಹೊರತು ನೆಲ ಬಿಡುವ ಹೊತ್ತಲ್ಲ. ತಲುಪುವ ಸಮಯವೂ ವಿಮಾನ ಟರ್ಮಿನಲ್ ಮುಂದೆ ಬಂದು ನಿಲ್ಲುವ ಹೊತ್ತು. ಇಲ್ಲಿ ರನ್‌ವೇಗೆ ಹೋಗಲು, ಅಲ್ಲಿ ರನ್‌ವೇಯಿಂದ ಬರಲು ತಲಾ 10–20 ನಿಮಿಷ ಬೇಕು. ಬ್ಯಾಗ್ ಕೈಸೇರುವ ಸಮಯ ಇದರಲ್ಲಿ ಸೇರಿಲ್ಲ.

ದೂರ ಕಡಿಮೆಯಾದಷ್ಟೂ ಈ ಭಾಗಾಕಾರ ಹೆಚ್ಚು ಮೋಸ ಮಾಡುತ್ತದೆ. ಶಿವಮೊಗ್ಗಕ್ಕೆ ನೇರ ದೂರ ಸುಮಾರು 240 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್ ಎಂಬ ಚಿಕ್ಕ ಪ್ರೊಪೆಲರ್ ವಿಮಾನಕ್ಕೆ ಅರ್ಧ ಗಂಟೆ ಸಾಕು ಅನ್ನಿಸುತ್ತದೆ, ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಹೆಚ್ಚು.

ಗಾಳಿಯನ್ನೂ ಮರೆಯಬಾರದು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಬೆಂಗಳೂರು–ದೆಹಲಿ ಹಾದಿಗೆ ಅದು ಅಡ್ಡಗಾಳಿಯಾದ್ದರಿಂದ ಹೋಗುವಾಗಲೂ ಬರುವಾಗಲೂ ಹೊತ್ತು ಹೆಚ್ಚುಕಡಿಮೆ ಒಂದೇ. ದೆಹಲಿ–ಕೋಲ್ಕತ್ತದಂಥ ಪೂರ್ವ–ಪಶ್ಚಿಮ ಹಾದಿಗಳಲ್ಲಿ ಹಾಗಲ್ಲ: ಪೂರ್ವಕ್ಕೆ ಬೇಗ, ಪಶ್ಚಿಮಕ್ಕೆ ತಡ.

ಆದ್ದರಿಂದ ಪತ್ರಿಕೆಗಳು ‘ಹಾರಾಟದ ಅವಧಿ’ ಎಂದು ಬರೆಯುವಾಗ ದೂರವನ್ನು ವೇಗದಿಂದ ಭಾಗಿಸದೆ, ವೇಳಾಪಟ್ಟಿಯ ಅವಧಿಯನ್ನೇ ಕೊಡಬೇಕು. ಜೊತೆಗೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಸುಮಾರು 35 ಕಿ.ಮೀ. ಇದೆ, ಬೋರ್ಡಿಂಗ್ ಗೇಟ್ ಸಾಮಾನ್ಯವಾಗಿ 25 ನಿಮಿಷ ಮೊದಲೇ ಮುಚ್ಚುತ್ತದೆ ಎಂಬುದನ್ನೂ ಸೇರಿಸಿದರೆ ಮೊದಲ ಸಲ ಹೊರಟವರಿಗೆ ದೊಡ್ಡ ಉಪಕಾರ.

ಡಿಸೆಂಬರ್–ಜನವರಿಯಲ್ಲಿ ದೆಹಲಿಯ ಮಂಜನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ದಟ್ಟ ಮಂಜಿನಲ್ಲೂ ಇಳಿಯಲು ನೆರವಾಗುವ ಕ್ಯಾಟ್‌–3 ವ್ಯವಸ್ಥೆ ನಿಲ್ದಾಣದಲ್ಲಿ ಇದ್ದರೂ ವಿಮಾನ ಅದಕ್ಕೆ ಸಜ್ಜಾಗಿರಬೇಕು, ಪೈಲಟ್‌ಗಳು ತರಬೇತಿ ಪಡೆದಿರಬೇಕು. ಎಲ್ಲ ಇದ್ದರೂ ಇಳಿಯುವ ವಿಮಾನಗಳ ನಡುವಿನ ಅಂತರ ಹೆಚ್ಚಿಸುವುದರಿಂದ ಸರದಿ ಬೆಳೆಯುತ್ತದೆ. ಆ ದಿನಗಳಲ್ಲಿ ಬೇರೆ ಬೇರೆ ಟಿಕೆಟ್‌ನಲ್ಲಿ ವಿದೇಶಕ್ಕೆ ಹೋಗುವವರು ಬೆಳಗಿನ ಜಾವದ ವಿಮಾನ ನೆಚ್ಚಿಕೊಳ್ಳದೆ ಹಿಂದಿನ ದಿನ ಮಧ್ಯಾಹ್ನವೇ ದೆಹಲಿ ಸೇರುವುದು ಕ್ಷೇಮ.

– ಒಬ್ಬ ಓದುಗ, ಬೆಂಗಳೂರು