“ನನಗೂ ಅದು ಬರುತ್ತಾ ಅಮ್ಮ?”

ಪ್ರೀತಿಯ ಪುಟ್ಟಿ,

ನನಗಿರುವ ಕಿಯಾರಿ, ಅಂದರೆ ಕಿರುಮೆದುಳಿನ ತುದಿ ಕತ್ತಿನ ಕಡೆ ಇಳಿದಿರುವ ತೊಂದರೆಯ ಬಗ್ಗೆ ಮೊನ್ನೆ ಫೋನಲ್ಲಿ ನೀನು ಈ ಪ್ರಶ್ನೆ ಕೇಳಿದೆ. ಅಜ್ಜಿ ಪಕ್ಕದಲ್ಲೇ ಕೂತಿದ್ದರು, ಬಿಡಿಸಿ ಮಾತಾಡಲು ಆಗಲಿಲ್ಲ. ಹಾಸ್ಟೆಲಲ್ಲಿ ಒಬ್ಬಳೇ ಕೂತು ಮೊಬೈಲಲ್ಲಿ ಏನೇನೋ ಓದಿ ಹೆದರಿದ್ದೀಯ ಅಂತ ನಿನ್ನ ದನಿಯಲ್ಲೇ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕಿಯಾರಿ ಇರುವುದುಂಟು. ಆದರೆ ಹೆಚ್ಚಿನ ಮನೆಗಳಲ್ಲಿ ಒಬ್ಬರಿಗಷ್ಟೇ ಇರುತ್ತದೆ. ಅಮ್ಮನಿಗೆ ಇದೆ ಅಂದ ಮಾತ್ರಕ್ಕೆ ಮಗಳಿಗೂ ಇರಲೇಬೇಕು ಅಂತಿಲ್ಲ. ನಿನಗೇನೂ ತೊಂದರೆ ಇಲ್ಲದಿರುವಾಗ ಸುಮ್ನೆ ಸ್ಕ್ಯಾನ್ ಬೇಡ ಅಂತ ನನ್ನ ಡಾಕ್ಟರೂ ಹೇಳಿದರು. ಎಷ್ಟೋ ಜನರಿಗೆ ಇದು ಇದ್ದರೂ ಜೀವಮಾನವಿಡೀ ಏನೂ ಆಗುವುದಿಲ್ಲ. ಬೇರೆ ಯಾವುದಕ್ಕೋ ಎಂಆರ್‌ಐ ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಇದು ಗಡ್ಡೆಯಲ್ಲ, ಅಂಟುರೋಗವೂ ಅಲ್ಲ. ತಲೆಬುರುಡೆಯ ಹಿಂಭಾಗದಲ್ಲಿ ಕಿರುಮೆದುಳು ಇರುವ ಜಾಗ ಇಕ್ಕಟ್ಟಾಗಿರುತ್ತದೆ. ಕಿರುಮೆದುಳಿನ ಕೆಳತುದಿಗೆ ಟಾನ್ಸಿಲ್ ಅನ್ನುತ್ತಾರೆ, ಗಂಟಲಿನ ಟಾನ್ಸಿಲ್ ಬೇರೆ. ಆ ತುದಿ ಬುರುಡೆಯ ತಳದ ತೂತಿನಿಂದ ಕತ್ತಿನ ಕಡೆ ಇಳಿದಿರುತ್ತದೆ. 5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಸಾಮಾನ್ಯವಾಗಿ ಕಿಯಾರಿ ಅನ್ನುತ್ತಾರೆ. ಮೆದುಳು, ಬೆನ್ನುಹುರಿಯ ಸುತ್ತ ಓಡಾಡುವ ನೀರಿಗೆ ಅಲ್ಲಿ ದಾರಿ ಕಟ್ಟುತ್ತದೆ. ಆಗ ಕೆಮ್ಮಿದರೂ, ಸೀನಿದರೂ, ಜೋರಾಗಿ ನಕ್ಕರೂ ಹಿಂತಲೆ ಸಿಡಿದಂತಾಗುತ್ತದೆ.

ನಿನಗೆ ನೆನಪಿರಬೇಕು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಿದ್ದಿರಿ. ನಾನು ಸೌಟು ಬಿಟ್ಟು, ಎರಡೂ ಕೈಯಲ್ಲಿ ಹಿಂತಲೆ ಒತ್ತಿಕೊಂಡು ಗೋಡೆಗೆ ಒರಗುತ್ತಿದ್ದೆ. ಕೆಮ್ಮು ನಿಂತ ಸ್ವಲ್ಪ ಹೊತ್ತಿಗೆ ನೋವೂ ಇಳಿಯುತ್ತಿತ್ತು. ಮೈಗ್ರೇನ್ ಅಂದರು. ಕತ್ತಿನ ಮೂಳೆ ಸವೆತ ಅಂದರು. ಟೆನ್ಶನ್ ಜಾಸ್ತಿ, ಯೋಗ ಮಾಡಿ ಅಂದರು. ಒಬ್ಬ ಡಾಕ್ಟರಂತೂ ಅಪ್ಪನನ್ನು ಪಕ್ಕಕ್ಕೆ ಕರೆದು “ಮನೇಲಿ ಏನಾದ್ರೂ ಸಮಸ್ಯೆ ಇದೆಯಾ?” ಅಂತ ಕೇಳಿದ್ದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕೊನೆಗೆ ಸುಳಿವು ಕೊಟ್ಟದ್ದು ಕೈ. ಒಂದು ದಿನ ಸಾರಿನ ಪಾತ್ರೆ ಇಳಿಸಿ, ಬಡಿಸುತ್ತಾ ಕೂತಿದ್ದೆ. ಎಡಗೈ ಬೆರಳುಗಳಲ್ಲಿ ಬೊಬ್ಬೆ ಎದ್ದದ್ದನ್ನು ಅಜ್ಜಿ ನೋಡಿ ಕೂಗಿಕೊಂಡರು. ಪಾತ್ರೆ ಮುಟ್ಟಿದ್ದು ನನಗೆ ಗೊತ್ತಾಗಿತ್ತು, ಬಿಸಿ ಮಾತ್ರ ಗೊತ್ತೇ ಆಗಿರಲಿಲ್ಲ. ಇದನ್ನು ಕೇಳಿದ ನರರೋಗ ತಜ್ಞರು ಕೈಗೆ ಬಿಸಿ, ತಣ್ಣಗಿನದು ತಾಗಿಸಿ ನೋಡಿ, ಅವತ್ತೇ ಎಂಆರ್‌ಐ ಬರೆದುಕೊಟ್ಟರು. ಕಿಯಾರಿಯಿಂದ ದಾರಿ ಕಟ್ಟಿ, ಬೆನ್ನುಹುರಿಯ ಒಳಗೇ ನೀರು ತುಂಬಿಕೊಂಡಿತ್ತು. ಇದಕ್ಕೆ ಸಿರಿಂಕ್ಸ್ ಅನ್ನುತ್ತಾರೆ. ಬಿಸಿ, ನೋವು ತಿಳಿಸುವ ನರಗಳು ಬೆನ್ನುಹುರಿಯ ನಡುವೆ ಹಾದು ಆಚೆ ಬದಿಗೆ ದಾಟುತ್ತವೆ. ಹಾಗಾಗಿ ಪೆಟ್ಟು ಮೊದಲು ಅವಕ್ಕೇ.

1891ರಲ್ಲಿ ಪ್ರಾಗ್‌ನಲ್ಲಿ ಹಾನ್ಸ್ ಕಿಯಾರಿ ಎಂಬ ಡಾಕ್ಟರು ಕಿರುಮೆದುಳು ಹೀಗೆ ಇಳಿಯುವುದನ್ನು ವಿವರಿಸಿ ಬರೆದರು. ಅವರು ನೋಡಿದ್ದು ಶವಪರೀಕ್ಷೆಗಳಲ್ಲಿ. ಬದುಕಿರುವವರಲ್ಲಿ ಇದು ಸಲೀಸಾಗಿ ಕಾಣಲು ಎಂಆರ್‌ಐ ಬರಬೇಕಾಯಿತು. ಅಲ್ಲಿಯವರೆಗೆ ತಲೆ ಹಿಡಿದುಕೊಂಡು ಕೂತ ಎಷ್ಟು ಹೆಂಗಸರಿಗೆ ‘ನಾಟಕ’ ಅಂದಿರಬಹುದು, ಯೋಚನೆ ಮಾಡು.

ನನಗಾದ ಆಪರೇಷನ್ನಲ್ಲಿ ಮೆದುಳನ್ನು ಮೇಲಕ್ಕೆ ತಳ್ಳುತ್ತಾರಾ ಅಂತಲೂ ನೀನು ಕೇಳಿದ್ದೆ. ತಳ್ಳುವುದಿಲ್ಲ ಕಂದ, ಜಾಗ ಮಾಡಿಕೊಡುತ್ತಾರೆ. ಬೋರಲು ಮಲಗಿಸಿ, ಬುರುಡೆಯ ಹಿಂದಿನ ಸ್ವಲ್ಪ ಮೂಳೆ ತೆಗೆಯುತ್ತಾರೆ. ಕತ್ತಿನ ಮೊದಲ ಮೂಳೆಯ ಹಿಂಬದಿಯನ್ನೂ ತೆಗೆಯುತ್ತಾರೆ. ಆಮೇಲೆ ಮೆದುಳನ್ನು ಸುತ್ತಿರುವ ಡ್ಯೂರಾ ಅನ್ನುವ ಪೊರೆಯನ್ನು ಬಿಡಿಸಿ, ತೇಪೆ ಹಾಕಿ ಅಗಲ ಮಾಡುತ್ತಾರೆ. ನನಗೆ ಹಾಕಿದ ತೇಪೆ ನನ್ನದೇ ತಲೆಯ ಚರ್ಮದಡಿಯ ಪದರ. ಹೊಲಿಗೆಯಿಂದ ನೀರು ಸೋರಬಹುದು, ಸೋಂಕು ಆಗಬಹುದು ಅಂತ ಮೊದಲೇ ಹೇಳಿ ಸಹಿ ಹಾಕಿಸಿಕೊಂಡರು. ನನಗೆ ಅವೆರಡೂ ಆಗಲಿಲ್ಲ. ಎಚ್ಚರವಾದಾಗ ವಾಂತಿ, ತಲೆಸುತ್ತು. ಕತ್ತು ಮರಗಟ್ಟಿತ್ತು. ಪಕ್ಕಕ್ಕೆ ಹೊರಳಬೇಕಾದರೆ ಅಪ್ಪ ದಿಂಬಿನ ಸಮೇತ ನನ್ನನ್ನು ತಿರುಗಿಸುತ್ತಿದ್ದರು. ಆ ಹೊತ್ತಲ್ಲಿ ತುಂಬಾ ಅತ್ತಿದ್ದೇನೆ.

ಈಗ ಕೆಮ್ಮಿದರೆ ತಲೆ ಸಿಡಿಯುವುದಿಲ್ಲ. ಆಮೇಲಿನ ಸ್ಕ್ಯಾನ್‌ನಲ್ಲಿ ಸಿರಿಂಕ್ಸ್ ಕುಗ್ಗಿದ್ದು ಕಾಣಿಸಿತು. ಎಡಗೈಗೆ ಬಿಸಿ ಮಾತ್ರ ಇನ್ನೂ ಸರಿಯಾಗಿ ತಿಳಿಯುವುದಿಲ್ಲ. ಕೆಟ್ಟ ನರ ಪೂರ್ತಿ ವಾಪಸ್ ಬರುತ್ತದೆ ಅಂತ ಯಾರೂ ಮಾತು ಕೊಟ್ಟಿರಲಿಲ್ಲ. ಇನ್ನಷ್ಟು ಹದಗೆಡದಂತೆ ತಡೆಯುವುದೇ ಮೊದಲ ಗುರಿ ಅಂದಿದ್ದರು, ಅದು ಆಗಿದೆ. ಸ್ನಾನದ ನೀರನ್ನು ಬಲಗೈಯಲ್ಲಿ ನೋಡುತ್ತೇನೆ. ಒಲೆ ಹತ್ತಿರ ಮಸಿಬಟ್ಟೆ, ಇಕ್ಕಳ ಕೈಗೆ ಸಿಗುವಂತೆ ಇಟ್ಟಿರುತ್ತೇನೆ. ಗ್ಯಾಸ್ ಸಿಲಿಂಡರ್ ಎತ್ತುವುದು ಅಪ್ಪನ ಕೆಲಸ.

ಇನ್ನು ನಿನ್ನ ವಿಷಯ. ಪರೀಕ್ಷೆಗೆ ನಿದ್ದೆಗೆಟ್ಟು ಬಂದ ತಲೆನೋವಿಗೆಲ್ಲ ಕಿಯಾರಿ ಅಂತ ಹೆದರಬೇಡ. ಆದರೆ ಕೆಮ್ಮಿದಾಗ ಹಿಂತಲೆ ಸಿಡಿದರೆ, ಕೈ ಜೋಮು ಹಿಡಿದು ಬಿಡದಿದ್ದರೆ, ಬಿಸಿ ಗೊತ್ತಾಗದಿದ್ದರೆ, ನುಂಗುವಾಗ ನೆತ್ತಿಗೇರುವುದು ಜಾಸ್ತಿಯಾದರೆ, ನಡೆಯುವಾಗ ತೂರಾಡಿದರೆ ಅವತ್ತೇ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಸರಿ. ಯಾರಾದರೂ ಟೆನ್ಶನ್ ಅಂತ ಕಳಿಸಿದರೆ ಅಲ್ಲಿಗೇ ಬಿಡುವುದು ಬೇಡ, ಇನ್ನೊಬ್ಬರ ಹತ್ತಿರ ಹೋಗೋಣ. ನೀನು ನೋವು ಅಂದರೆ ನಾನು ನಂಬುತ್ತೇನೆ, ಸ್ಕ್ಯಾನ್ ನೋಡಿ ಅಲ್ಲ.

ಮುಂದಿನ ತಿಂಗಳು ನನಗೆ ಚೆಕಪ್ಪಿದೆ, ಬೆಂಗಳೂರಿಗೆ ಹೋಗಬೇಕು. ಕ್ಲಾಸ್ ಇಲ್ಲದಿದ್ದರೆ ನೀನೂ ಬಾ. ಇನ್ನೇನು ಕೇಳಬೇಕೋ ಬರೆದಿಟ್ಟುಕೊಂಡಿರು, ಡಾಕ್ಟರ ಹತ್ತಿರ ನೀನೇ ಕೇಳುವೆಯಂತೆ.

ನಿನ್ನ
ಅಮ್ಮ